‘ಸಿ’ ಹೋಯ್ತು, ‘ಲ್ಗೆ’ ಹೋಯ್ತು

ನಂದು ಟೀ ಶರ್ಟಿಗೆ ಸ್ಕ್ರೀನ್ ಪ್ರಿಂಟ್ ಹಾಕೋ ಕೆಲಸ. ಹೋದ ವರ್ಷ ರಾಜ್ಯೋತ್ಸವಕ್ಕೆ ಅಂತ ನಮ್ಮ ಏರಿಯಾದ ಹುಡುಗ್ರು 60 ಕಪ್ಪು ಕಾಟನ್ ಟೀ ಶರ್ಟ್ ಆರ್ಡರ್ ಕೊಟ್ಟಿದ್ರು. ಎದೆ ಮೇಲೆ ಅಡ್ಡಕ್ಕೆ 14 ಇಂಚು ಉದ್ದ, ಹಳದಿ ಅಕ್ಷರದಲ್ಲಿ ಸಿರಿಗನ್ನಡಂ ಗೆಲ್ಗೆ, ಅದರ ಕೆಳಗೊಂದು ಕೆಂಪು ಪಟ್ಟಿ. ಟೈಮಿಗೆ ಕೊಟ್ಟೆ, ದುಡ್ಡೂ ಬಂತು. ಹತ್ತು ದಿನ ಆದ್ಮೇಲೆ ಒಬ್ಬ ಬಂದು "ಅಣ್ಣಾ, ಒಂದೇ ಒಂದ್ ಸಲ ಒಗ್ದಿದ್ದು, ನೋಡಿ" ಅಂತ ಶರ್ಟ್ ಬಿಡಿಸಿ ತೋರಿಸ್ದ. ‘ರಿಗನ್ನಡಂ ಗೆ’ ಅಂತ ಉಳ್ಕೊಂಡಿತ್ತು. ನಗು ಬಂತು, ಆಮೇಲೆ ಇನ್ನೂ 59 ಇದೆ ಅಂತ ನೆನಪಾಗಿ ಹೊಟ್ಟೆ ತೊಳೆಸ್ದಂಗಾಯ್ತು.

ಪ್ರಿಂಟ್ ಆದ ಶರ್ಟನ್ನ ಬೆಲ್ಟ್ ಮೇಲೆ ಬಿಸಿ ಗೂಡೊಳಗೆ ಸಾಗಿಸಿ ಇಂಕ್ ಬೇಯಿಸೋ ಕನ್ವೇಯರ್ ಡ್ರೈಯರ್ ನನ್ ಹತ್ರ ಇಲ್ಲ, ಅಷ್ಟು ದುಡ್ಡೂ ಇಲ್ಲ, ಶೆಡ್ಡಲ್ಲಿ ಜಾಗಾನೂ ಇಲ್ಲ. ಇರೋದು ಒಂದು ಸ್ಟ್ಯಾಂಡ್ ಮೇಲೆ ನಿಲ್ಲಿಸಿರೋ 16 ಇಂಚಿನ ಚೌಕದ ಫ್ಲ್ಯಾಶ್ ಡ್ರೈಯರ್, ಅಂದ್ರೆ ಶರ್ಟಿಗೆ ಮೇಲಿಂದ ಬಿಸಿ ಕೊಡೋ ಹೀಟರ್, 1800 ವ್ಯಾಟಿಂದು. ಅದರ ನಿಜವಾದ ಕೆಲಸ ಏನಂದ್ರೆ ಕಪ್ಪು ಬಟ್ಟೆ ಮೇಲೆ ಮೊದಲು ಬಿಳಿ ಇಂಕ್ ಎಳೀತೀವಲ್ಲ, ಅದು ಮುಟ್ಟಿದ್ರೆ ಅಂಟದ ಹಾಗೆ ಕೆಲವು ಸೆಕೆಂಡಲ್ಲಿ ಗಟ್ಟಿ ಮಾಡೋದು, ಅದರ ಮೇಲೆ ಹಳದಿ ಕೂರೋಕೆ. ನಾನು ಕೊನೇ ಕ್ಯೂರಿಂಗೂ, ಅಂದ್ರೆ ಇಂಕನ್ನ ಪೂರ್ತಿ ಬೇಯಿಸೋದೂ, ಅದರಲ್ಲೇ ಮಾಡ್ತೀನಿ. ಮಾಡಬಾರದು ಅಂತೇನಿಲ್ಲ, ಆದ್ರೆ ಎರಡೂ ಒಂದೇ ಅಲ್ಲ.

ನಾನು ಬಳಸೋ ಪ್ಲಾಸ್ಟಿಸಾಲ್ ಇಂಕಲ್ಲಿ ನೀರಿರಲ್ಲ, ಪಿವಿಸಿ ಪ್ಲಾಸ್ಟಿಕ್ ಪುಡೀನ ಎಣ್ಣೆಯಂಥ ಪ್ಲಾಸ್ಟಿಸೈಸರಲ್ಲಿ ಕಲಸಿರ್ತಾರೆ, ಅದಕ್ಕೇ ಸ್ಕ್ರೀನ್ ಮೇಲೆ ರಾತ್ರಿಯೆಲ್ಲಾ ಬಿಟ್ರೂ ಬೆಳಿಗ್ಗೆ ಹಾಗೇ ಇರುತ್ತೆ. ಬಿಸಿ ತಾಗ್ತಿದ್ದಂಗೆ ಪುಡಿ ಆ ಎಣ್ಣೆ ಕುಡಿದು ಊದಿಕೊಳ್ಳುತ್ತೆ, 100 ಡಿಗ್ರಿ ಆಸುಪಾಸಲ್ಲೇ ಕೈಗೆ ಅಂಟೋದು ನಿಲ್ಲುತ್ತೆ. ಆದ್ರೆ ಎಲ್ಲಾ ಕರಗಿ ಒಂದೇ ಪದರ ಆಗ್ಬೇಕಂದ್ರೆ ಸಾಮಾನ್ಯ ಇಂಕಿಗೆ 160 ಡಿಗ್ರಿ ಬೇಕು, ಅದೂ ಮೇಲ್ಗಡೆ ಅಲ್ಲ, ಬಟ್ಟೆ ಹಿಡ್ಕೊಂಡಿರೋ ತಳದಲ್ಲಿ. ಮುಟ್ಟಿ ನೋಡ್ದೆ, ಒಣಗಿದೆ ಅನ್ನಿಸ್ತು, ತೆಗ್ದಿಟ್ಟೆ, ಅಲ್ಲೇ ಕೆಟ್ಟಿದ್ದು.

ಅಕ್ಷರ ಹೋಗಿರೋ ಜಾಗ ನೋಡಿದ್ರೇ ಗೊತ್ತಾಗುತ್ತೆ, ಎರಡೂ ತುದಿ. ಹೀಟರ್ ನಡುವಲ್ಲಿ ಬಿಸಿ ಜಾಸ್ತಿ, ಅಂಚಿಗೆ ಬರ್ತಾ ಕಮ್ಮಿ, 16 ಇಂಚಿನ ಹೀಟರ್ ಕೆಳಗೆ 14 ಇಂಚಿನ ಪ್ರಿಂಟ್ ಇಟ್ರೆ ಅಂಚಿನ ಅಕ್ಷರ ಬೇಯೋದಾದ್ರೂ ಹೆಂಗೆ! ಹಾಗಂತ ಹೀಟರ್ ಇನ್ನೂ ಕೆಳಗಿಳಿಸಿದ್ರೆ ನಡುವೆ ಬಟ್ಟೆ ಸೀಯುತ್ತೆ. ದಪ್ಪಗೆ ತಟ್ಟಿದ ಅಕ್ಕಿ ರೊಟ್ಟಿಗೆ ಉರಿ ಜಾಸ್ತಿ ಮಾಡಿದಂಗೆ, ಮೇಲೆ ಕರಕಲು ಒಳಗೆ ಹಸಿ. ಸ್ವಲ್ಪ ಎತ್ತರಿಸಿ ಜಾಸ್ತಿ ಹೊತ್ತು ಇಡ್ಬೇಕು, ಅಗಲದ ಪ್ರಿಂಟ್ ಆದ್ರೆ ಎಡಕ್ಕೊಂದ್ ಸಲ ಬಲಕ್ಕೊಂದ್ ಸಲ.

ಆದ್ರೂ ಅನುಮಾನ ಹೋಗ್ಲಿಲ್ಲ, ಯಾಕಂದ್ರೆ ಬೆಳಿಗ್ಗೆ ಇದೇ ಎತ್ತರ ಇದೇ 40 ಸೆಕೆಂಡಲ್ಲಿ ಮಾಡಿದ ಸ್ಯಾಂಪಲ್ ಮೂರ್ ಸಲ ಒಗೆದ್ರೂ ಗಟ್ಟಿಯಾಗಿತ್ತು. ಬಾಕಿ ಶರ್ಟೆಲ್ಲಾ ಪ್ರಿಂಟ್ ಮಾಡಿದ್ದು ಸಂಜೆ ಮೇಲೆ, ಹೊರಗೆ ಜೋರು ಮಳೆ. ಸಂಜೆ ನಮ್ಮ ಶೆಡ್ಡಲ್ಲಿ ವೋಲ್ಟೇಜ್ 190ಕ್ಕೆ ಇಳಿಯುತ್ತೆ. 230ಕ್ಕೆ ಮಾಡಿರೋ 1800 ವ್ಯಾಟ್ ಕಾಯಿಲ್ 190ರಲ್ಲಿ ಕೊಡೋದು ಸುಮಾರು 1230 ವ್ಯಾಟ್ ಅಷ್ಟೇ, ಮೂರರಲ್ಲಿ ಒಂದು ಭಾಗ ಬಿಸಿ ಹಾಗೇ ಹೋಯ್ತು. ಮೇಲಿಂದ ಮಳೆಗಾಲದ ಕಾಟನ್ ತೇವ ಹೀರ್ಕೊಂಡಿರುತ್ತೆ, ಮೊದಲು ಆ ನೀರು ಆವಿಯಾಗ್ಬೇಕು, ಆಮೇಲೇ ಬಟ್ಟೆ ಬಿಸಿ ಏರೋದು. ಟೈಮರ್‌ಗೆ ಇದೆಲ್ಲಾ ಗೊತ್ತಾ? ಅದು 40 ಆದ ತಕ್ಷಣ ಕೀ ಅಂತು, ನಾನೂ ಎತ್ತಿಟ್ಟೆ.

ಟೆಂಪರೇಚರ್ ಗನ್ ಇತ್ತು ನನ್ ಹತ್ರ, 165 ತೋರಿಸಿತ್ತು ಪುಣ್ಯಾತ್ಮ. ಅದು ಓದೋದು ಇಂಕಿನ ಮೇಲ್ಮೈ ಮಾತ್ರ, ಹೀಟರ್ ಕೆಳಗೇ ಹಿಡಿದ್ರಂತೂ ಕಾಯಿಲಿನ ಪ್ರತಿಫಲನಾನೂ ಸೇರಿಸಿ ಹೇಳುತ್ತೆ. ಈಗ ಪ್ರಿಂಟ್ ಅಂಚಿನ ಪಕ್ಕ ಬಣ್ಣ ಬದಲಾಗೋ ಟೆಂಪರೇಚರ್ ಸ್ಟ್ರಿಪ್ ಅಂಟಿಸಿ ನೋಡ್ತೀನಿ, ಪ್ರತಿ ಹತ್ತು ಶರ್ಟಿಗೊಂದು ಆರಿದ್ಮೇಲೆ ಎಳೆದು ನೋಡ್ತೀನಿ, ಬಿರುಕು ಬಿಟ್ರೆ ಇನ್ನೂ ಹಸಿ ಅಂತ. ಬಿಳಿ ತಳಕ್ಕೆ ಮಾತ್ರ ಉಲ್ಟಾ, ಅದನ್ನ ಪೂರ್ತಿ ಬೇಯಿಸಿಬಿಟ್ರೆ ಮೇಲಿನ ಹಳದಿ ಅದಕ್ಕೆ ಹಿಡಿಯೋದೇ ಇಲ್ಲ. ಶರ್ಟ್ ಹಾಸೋ ಬೋರ್ಡ್ ಕಾದ ಮೇಲೆ ಆ ಫ್ಲ್ಯಾಶಿನ ಸೆಕೆಂಡ್ ಇಳಿಸ್ತಾ ಬರ್ಬೇಕು. (ಪಾಲಿಯೆಸ್ಟರ್ ಜೆರ್ಸಿಗೆ ಈ 160 ಲೆಕ್ಕ ಹಾಕ್ಬೇಡಿ, ಕೆಂಪು ಬಟ್ಟೆ ಬಣ್ಣ ಬಿಟ್ಟು ಬಿಳಿ ನಂಬರ್ ಗುಲಾಬಿ ಆಗುತ್ತೆ, ಅದಕ್ಕೆ ಕಮ್ಮಿ ಬಿಸಿಗೆ ಕ್ಯೂರ್ ಆಗೋ ಇಂಕೇ ಬೇರೆ ಇದೆ.)

ಪುಣ್ಯಕ್ಕೆ ಅರ್ಧ ಬೆಂದ ಪ್ಲಾಸ್ಟಿಸಾಲ್‌ಗೆ ಮತ್ತೆ ಬಿಸಿ ಕೊಟ್ರೆ ಸರಿಹೋಗುತ್ತೆ, ಇನ್ನೂ ಒಗೀದೇ ಇದ್ದ ಶರ್ಟೆಲ್ಲಾ ವಾಪಸ್ ತರಿಸಿ ಬೆಳಗಿನ ವೋಲ್ಟೇಜಲ್ಲಿ ಕೂತು ಇನ್ನೊಂದ್ ಸಲ ಬೇಯಿಸ್ದೆ. ಹಾಳಾಗಿದ್ದಕ್ಕೆ ಬೇರೆ ಪ್ರಿಂಟ್ ಮಾಡಿ ಕೊಟ್ಟೆ, ಲಾಭ ಅಲ್ಲಿಗೆ ಸರಿಹೋಯ್ತು. ಮೊದಲು ಬಂದ ಹುಡುಗ ಮಾತ್ರ ಹಳೇದನ್ನ ವಾಪಸ್ ಕೊಡ್ಲಿಲ್ಲ, ಕ್ರಿಕೆಟ್ಟಿಗೆ ಅದನ್ನೇ ಹಾಕ್ಕೊಂಡ್ ಬರ್ತಾನೆ. ಮೊನ್ನೆ ನೋಡ್ದೆ, ‘ರಿ’ನೂ ಹೋಗಿದೆ.