ರೋಹಿಣಿ ಪಕ್ಕದ ಡ್ರೋನ್

ವಾಟ್ಸಾಪ್ ಗ್ರೂಪಿಗೆ ನಾನು ಹಾಕಿದ ಆ ವಿಡಿಯೋ 22 ಸೆಕೆಂಡಿನದು. ಕಪ್ಪು ಆಕಾಶ, ನಡುವೆ ಗಡಗಡ ಅಲ್ಲಾಡುವ ಒಂದು ಬೆಳಕು. ಅಲ್ಲಾಡುತ್ತಿದ್ದದ್ದು ಬೆಳಕಲ್ಲ, ನನ್ನ ಕೈ. ಕೆಳಗೆ ಬರೆದಿದ್ದೆ: ‘ನಮ್ಮ ಮನೆ ಹಿಂದೆ. ಕಾಲು ಗಂಟೆಯಿಂದ ಒಂದೇ ಕಡೆ ನಿಂತಿದೆ. ಯಾರಿಗಾದ್ರೂ ಕಾಣ್ತಿದೆಯಾ?’

ಎಲ್ಲರಿಗೂ ಕಾಣುತ್ತಿತ್ತು. ಹತ್ತು ನಿಮಿಷದಲ್ಲಿ ಮೂವತ್ತು ಉತ್ತರ ಬಂದವು. ಒಬ್ಬರು ಇರಾನ್ ಅಂದರು, ಇನ್ನೊಬ್ಬರು ಚೀನಾ ಅಂದರು. ಪೊಲೀಸರಿಗೆ ಫೋನ್ ಮಾಡಿ ಅಂತ ನಾಲ್ಕು ಜನ ಹೇಳಿದರು. ತಾವೇ ಮಾಡ್ತೀನಿ ಅಂತ ಯಾರೂ ಹೇಳಲಿಲ್ಲ.

ಅವತ್ತು 2024ರ ಡಿಸೆಂಬರ್ 14, ಶನಿವಾರ. ನಾವಿರುವುದು ನ್ಯೂಜೆರ್ಸಿಯ ಪಾರ್ಸಿಪ್ಪನಿಯಲ್ಲಿ. ಮಾರಿಸ್ ಕೌಂಟಿ, ಅಂದರೆ ನಮ್ಮ ಜಿಲ್ಲೆ ಅನ್ನಿ. ಆ ಚಳಿಗಾಲದಲ್ಲಿ ಅಮೆರಿಕದ ಟಿವಿಗಳೆಲ್ಲ ಬೊಬ್ಬೆ ಹೊಡೆದ ಡ್ರೋನ್ ಕಥೆ ಹುಟ್ಟಿದ್ದೇ ಈ ಜಿಲ್ಲೆಯಲ್ಲಿ. ನವೆಂಬರ್ 18ರಂದು ಪಿಕಟಿನ್ನಿ ಆರ್ಸೆನಲ್ ಎಂಬ ಸೇನಾ ನೆಲೆಯ ಹತ್ತಿರ ರಾತ್ರಿ ಏನೋ ಹಾರುತ್ತಿದೆ ಅಂತ ಶುರುವಾಯಿತು. ಆಮೇಲೆ ಬೆಡ್‌ಮಿನ್‌ಸ್ಟರ್‌ನಲ್ಲಿರುವ ಟ್ರಂಪ್ ಗಾಲ್ಫ್ ಕ್ಲಬ್ಬಿನ ಮೇಲೆ ಕಂಡಿತು ಅಂದರು. ಎರಡೂ ಕಡೆ ಡ್ರೋನ್ ಹಾರಿಸಬಾರದು ಅಂತ ವಿಮಾನಯಾನ ಇಲಾಖೆ ಎಫ್‌ಎಎ ಆದೇಶ ಹೊರಡಿಸಿತು. ಡಿಸೆಂಬರ್ 8ರ ಒಂದೇ ಭಾನುವಾರ ರಾಜ್ಯದಲ್ಲಿ 49 ವರದಿ ಬಂದಿವೆ ಅಂತ ಆಗಿನ ಗವರ್ನರ್ ಫಿಲ್ ಮರ್ಫಿ ಹೇಳಿದರು. ಭಯಪಡಬೇಡಿ ಅಂತಲೂ ಹೇಳಿದರು. ಆದರೆ ಹಾರಿಸುತ್ತಿರುವುದು ಯಾರು? ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ನಮ್ಮ ಮನೆಯಲ್ಲಿ ಎರಡು ತಿಂಗಳ ಪಾಪು. ಬಾಣಂತನಕ್ಕೆ ಅಂತ ಅಪ್ಪ ಅಮ್ಮ ಹಿರಿಯೂರು ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದರು. ಮಗುವಿನ ಕೋಣೆಯ ಕಿಟಕಿ ಹಿತ್ತಲಿನ ಕಡೆ ತೆರೆಯುತ್ತದೆ. ಆ ಕಡೆ ಬರೀ ಮರ. ಹಾಗಾಗಿ ನಾವು ಅದಕ್ಕೆ ಪರದೆ ಹಾಕಿರಲೇ ಇಲ್ಲ. ಹೆಂಡತಿ ಅಲ್ಲೇ ಕುರ್ಚಿ ಹಾಕಿಕೊಂಡು ಮಗುವಿಗೆ ಹಾಲು ಕೊಡುತ್ತಿದ್ದಳು. ಡಿಸೆಂಬರ್ ಮೊದಲ ವಾರದಿಂದ ಆ ಕುರ್ಚಿ ಬಿಟ್ಟಳು. ದೀಪ ಆರಿಸಿ, ಗೋಡೆ ಮೂಲೆಯಲ್ಲಿ ನೆಲದ ಮೇಲೆ ಕೂರುತ್ತಿದ್ದಳು. ಅಮ್ಮ ಒಂದು ಮಾತೂ ಕೇಳಲಿಲ್ಲ. ತನ್ನ ಹಳೇ ನೂಲಿನ ಸೀರೆ ತಂದು, ನಾಲ್ಕು ಮಡಿಕೆ ಮಾಡಿ, ಬಟ್ಟೆ ಕ್ಲಿಪ್ಪು ಹಾಕಿ ಕಿಟಕಿಗೆ ಕಟ್ಟಿಬಿಟ್ಟಳು.

ಟಿವಿ ನೋಡಿದರೆ ತಲೆ ಕೆಡುತ್ತಿತ್ತು. ಅಟ್ಲಾಂಟಿಕ್‌ನಲ್ಲಿ ಇರಾನಿನ ಹಡಗೊಂದು ನಿಂತಿದೆ, ಡ್ರೋನ್ ಬರುವುದು ಅಲ್ಲಿಂದಲೇ ಅಂತ ನಮ್ಮ ರಾಜ್ಯದ ಒಬ್ಬ ಸಂಸದರು ಹೇಳಿದರು. ಅಂಥದ್ದೇನೂ ಇಲ್ಲ ಅಂತ ರಕ್ಷಣಾ ಇಲಾಖೆ ಪೆಂಟಗನ್ ಹೇಳಿತು. ಜನರಿಗೆ ಹೇಳಿ, ಇಲ್ಲಾಂದ್ರೆ ಹೊಡೆದು ಬೀಳಿಸಿ ಅಂತ 13ರಂದು ಟ್ರಂಪ್ ಬರೆದರು. ಹಾಗೆ ಹೊಡೆಯೋಕೂ ಆಗಲ್ಲ. ಇಲ್ಲಿಯ ಕಾನೂನಿನಲ್ಲಿ ಡ್ರೋನ್ ಅಂದರೂ ವಿಮಾನವೇ. ಅದಕ್ಕೆ ಗುಂಡು ಹಾರಿಸಿದರೆ ಫೆಡರಲ್ ಅಪರಾಧ. ಆಗ ಊರಿನ ಪೊಲೀಸರಿಗೂ ಅದನ್ನು ಕೆಳಗಿಳಿಸುವ ಅಧಿಕಾರ ಇರಲಿಲ್ಲ. ಅವರೂ ನಮ್ಮ ಹಾಗೇ ಕತ್ತೆತ್ತಿ ನೋಡಬೇಕಿತ್ತು, ಅಷ್ಟೇ.

ಸರಿ, ಆ ಶನಿವಾರ. ರಾತ್ರಿ ಏಳೂವರೆ ಇರಬಹುದು. ಮೋಡ ಇರಲಿಲ್ಲ. ಕಸದ ಡಬ್ಬ ಇಡೋಕೆ ಹಿಂದಿನ ಬಾಗಿಲು ತೆಗೆದವನು ಆ ಬೆಳಕು ನೋಡಿ ಅಲ್ಲೇ ನಿಂತೆ. ವಿಡಿಯೋ ಮಾಡಿದೆ, ಗ್ರೂಪಿಗೆ ಹಾಕಿದೆ. ಆಮೇಲೆ ಅಪ್ಪನನ್ನು ಕರೆದೆ.

ಅಪ್ಪ ನನ್ನ ಹಳೇ ಜಾಕೆಟ್ಟು, ಮಂಕಿ ಕ್ಯಾಪು ಹಾಕಿಕೊಂಡು ಬಂದರು.

"ಎಲ್ಲೋ?"

"ಅಲ್ನೋಡಪ್ಪ, ಚಂದ್ರನ ಪಕ್ಕ."

ಅಪ್ಪ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಅದು ಗುರು ಕಣೋ."

"ಯಾವ ಗುರು?"

"ಇನ್ಯಾವ ಗುರು? ಗುರುಬಲ ಅಂತೀವಲ್ಲ, ಆ ಗುರು. ಈ ವರ್ಷ ವೃಷಭದಲ್ಲಿದಾನೆ. ನಿಮ್ಮತ್ತೆ ಮಗಳ ಮದುವೆಗೆ ಜೋಯಿಸರು ಹೇಳಿದ್ರಲ್ಲ, ಮರ್ತೋಯ್ತಾ? ಈ ಕಡೆ ಕೆಂಪಗಿರೋದು ರೋಹಿಣಿ. ನಾಳೆ ಹೊಸ್ತಿಲ ಹುಣ್ಣಿಮೆ, ಚಂದ್ರ ರೋಹಿಣಿ ಹತ್ರ ಬಂದವ್ನೆ."

ಜೂಮ್ ಮಾಡಿದ್ದರಿಂದ ಅಷ್ಟು ದೊಡ್ಡ ಚಂದ್ರನೇ ನನ್ನ ವಿಡಿಯೋದ ಹೊರಗಿದ್ದ. ಅವನೊಬ್ಬ ಒಳಗಿದ್ದಿದ್ದರೆ ಮೂವತ್ತು ಜನರಲ್ಲಿ ಒಬ್ಬರಿಗಾದರೂ ಅನುಮಾನ ಬರುತ್ತಿತ್ತೇನೋ.

ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ಪೂರ್ವಕ್ಕೆ ಕೈ ತೋರಿಸಿದರು. "ಮೂರು ಚುಕ್ಕಿ ಸಾಲಾಗಿ ನಿಂತವಲ್ಲ, ಅದರ ಪಕ್ಕದಲ್ಲೇ ಮೃಗಶಿರ. ಎಡಗಡೆ ಕೆಂಪಗಿರೋದು ಆರಿದ್ರಾ." ರೋಹಿಣಿ, ಮೃಗಶಿರ, ಆರಿದ್ರಾ. ನನಗೆ ಇವೆಲ್ಲ ಮಳೆಯ ಹೆಸರು. ಆರಿದ್ರಾ ಮಳೆ ಆರದೇ ಹುಯ್ಯುತ್ತೆ ಅಂತ ಬಾಯಿಪಾಠ ಇದೆ. ಅವು ಆಕಾಶದಲ್ಲಿ ಕಣ್ಣಿಗೆ ಕಾಣುವ ಚುಕ್ಕಿಗಳು ಅಂತ ನಲವತ್ತು ವರ್ಷಕ್ಕೆ, ಪಾರ್ಸಿಪ್ಪನಿಯ ಹಿತ್ತಲಿನಲ್ಲಿ ಗೊತ್ತಾಯಿತು. ಊರಿನಲ್ಲಿ ತ್ರೀ ಫೇಸ್ ಕರೆಂಟ್ ಕೊಡುತ್ತಿದ್ದದ್ದು ರಾತ್ರಿ ಹೊತ್ತು. ಅಪ್ಪ ಮೋಟಾರ್ ಹಾಕಿ, ಈರುಳ್ಳಿಗೆ ನೀರು ಕಟ್ಟಿ, ಬದುವಿನ ಮೇಲೆ ಕೂರುತ್ತಿದ್ದರು. ಆಗ ಅವರಿಗೆ ನೋಡೋಕೆ ಇದ್ದದ್ದು ಇವೇ. ನಾನು ಒಳಗೆ ಮಲಗಿರುತ್ತಿದ್ದೆ.

ನನಗೆ ಸಮಾಧಾನ ಸಿಕ್ಕಿದ್ದು ಮೇರಿಲ್ಯಾಂಡಿನ ಮಾಜಿ ಗವರ್ನರ್ ಲ್ಯಾರಿ ಹೋಗನ್ ಅವರಿಂದ. ಅದೇ ವಾರ ಅವರೂ ತಮ್ಮ ಮನೆ ಮೇಲೆ ಹತ್ತಾರು ಡ್ರೋನ್ ಕಂಡೆ ಅಂತ ವಿಡಿಯೋ ಹಾಕಿದ್ದರು. ಅದರಲ್ಲಿ ಚೆನ್ನಾಗಿ ಕಾಣುತ್ತಿದ್ದದ್ದು ಅಪ್ಪ ತೋರಿಸಿದ ಇದೇ ಮೂರು ಚುಕ್ಕಿ. ಗವರ್ನರ್‌ಗೇ ಆಗಿದ್ದು ನನಗಾದರೆ ಏನು, ಅಲ್ವಾ?

ಗ್ರೂಪಿಗೆ ‘ಅದು ಗುರುಗ್ರಹ, ಸಾರಿ’ ಅಂತ ಬರೆಯೋಕೆ ಹೊರಟಿದ್ದೆ. ಅಷ್ಟರಲ್ಲಿ ಅಪ್ಪ ನನ್ನ ತೋಳು ಹಿಡಿದರು.

ಓಕ್ ಮರಗಳ ಹಿಂದಿನಿಂದ ಒಂದು ಬೆಳಕು ಎದ್ದಿತ್ತು. ಒಂದು ಕಡೆ ಕೆಂಪು, ಒಂದು ಕಡೆ ಹಸಿರು, ನಡುವೆ ಮಿಣಮಿಣ ಬಿಳಿ. ವಿಮಾನ ಅಂದುಕೊಂಡೆ. ನೆವಾರ್ಕ್‌ಗೆ ಇಳಿಯುವ ವಿಮಾನ ನೇರ ನಮ್ಮ ಕಡೆಗೇ ಬರುವಾಗ ಹೀಗೇ ನಿಂತ ಹಾಗೆ ಕಾಣುತ್ತದೆ. ಆದರೆ ವಿಮಾನಕ್ಕೆ ಈ ಸದ್ದಿಲ್ಲ. ಜೇನುಗೂಡಿನ ಹತ್ತಿರ ಕಿವಿ ಇಟ್ಟರೆ ಬರುತ್ತದಲ್ಲ, ಆ ಸದ್ದು. ನಮ್ಮ ಬೇಲಿಯ ಆಚೆ, ಮರದ ತುದಿಗಿಂತ ಸ್ವಲ್ಪ ಮೇಲೆ ಬಂದು ನಿಂತಿತು. ನಿಜವಾಗಿ ನಿಂತಿತು. ಆಮೇಲೆ ಅಡ್ಡಡ್ಡ ಸರಿದು, ಪಕ್ಕದ ಬೀದಿಯ ಮನೆಗಳ ಹಿಂದೆ ಹೋಯಿತು. ಎಲ್ಲ ಸೇರಿ ಒಂದು ನಿಮಿಷ. ವಿಡಿಯೋ ಮಾಡಬೇಕು ಅಂತ ನನಗೆ ನೆನಪೇ ಆಗಲಿಲ್ಲ.

"ಇದು ಚುಕ್ಕಿ ಅಲ್ಲ," ಅಂದರು ಅಪ್ಪ.

ಯಾರದ್ದು? ಇವತ್ತಿಗೂ ಗೊತ್ತಿಲ್ಲ. ಪೊಲೀಸರದ್ದೇ ಇರಬಹುದು, ಯಾವುದೋ ಹುಡುಗನ ಆಟ ಇರಬಹುದು. ರಾತ್ರಿ ಡ್ರೋನ್ ಹಾರಿಸುವುದು ಇಲ್ಲಿ ತಪ್ಪೇನಲ್ಲ. ಮಿನುಗುವ ದೀಪ ಇರಬೇಕು, 400 ಅಡಿ ದಾಟಬಾರದು. ಇಂಥವು ದೇಶದಲ್ಲಿ ನೋಂದಣಿ ಆದವೇ ಲಕ್ಷಗಟ್ಟಲೆ ಇವೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಒಳಗೆ ಹೋಗಿ ಮೊದಲು ಮಾಡಿದ ಕೆಲಸ, ಸೀರೆಯ ಕ್ಲಿಪ್ಪುಗಳು ಸರಿಯಾಗಿವೆಯಾ ಅಂತ ನೋಡಿದ್ದು.

ಊಟ ಮಾಡುವಾಗ ಅಪ್ಪ ಸುಮ್ಮನಿದ್ದರು. ಮಜ್ಜಿಗೆ ಅನ್ನಕ್ಕೆ ಬಂದಾಗ ಕೇಳಿದರು: "ಇಲ್ಲಿ ಯಾರೂ ತಮಟೆ ಹೊಡೆಸಲ್ವಾ?"

ನನಗೆ ನಗು ಬಂತು. ಅವರು ನಗಲಿಲ್ಲ. ಊರಿನಲ್ಲಿ ಮನೆ ಜಾಗ ಅಳತೆ ಮಾಡೋಕೆ ಸ್ವಾಮಿತ್ವ ಯೋಜನೆಯ ಡ್ರೋನ್ ಬಂದಿದ್ದನ್ನು ಹೇಳಿದರು. ಹಿಂದಿನ ದಿನವೇ ತಮಟೆ ಸಾರಿಸಿದ್ದರಂತೆ. ಎಲ್ಲರೂ ತಮ್ಮ ತಮ್ಮ ಮನೆ ಸುತ್ತ ಸುಣ್ಣದ ಗೆರೆ ಹಾಕಿಕೊಳ್ಳಿ, ಮೇಲಿನಿಂದ ಕಾಣಬೇಕು ಅಂತ. "ನಿಮ್ಮಮ್ಮ ರಂಗೋಲಿ ಹಾಕ್ದಂಗೆ ಹಾಕಿದ್ಲು. ಪಕ್ಕದ ಮನೆಯೋನು ಅರ್ಧ ಅಡಿ ಈಚೆ ಹಾಕಿದ್ದ, ಅದಕ್ಕೊಂದು ಜಗಳ ಆಯ್ತು. ಆದ್ರೆ ಡ್ರೋನಿಗೆ ಯಾರೂ ಹೆದರಲಿಲ್ಲಪ್ಪ. ಮುದುಕರೆಲ್ಲ ಕಟ್ಟೆ ಮೇಲೆ ಕೂತು ನೋಡಿದ್ವಿ."

"ಮತ್ತೆ ವದ್ದಿಕೆರೆಗೆ ಬಿದ್ದಿದ್ದು?" ಅಂದೆ.

"ಅದಕ್ಕೆ ಯಾರು ಸಾರಿದ್ರು?"

2023ರ ಆಗಸ್ಟ್ 20, ಭಾನುವಾರ. ಚಳ್ಳಕೆರೆ ಹತ್ತಿರದ ಪರೀಕ್ಷಾ ಕೇಂದ್ರದಿಂದ ಹಾರಿದ್ದ ತಪಸ್ ಎಂಬ ಮಾನವರಹಿತ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಅದು ನಮ್ಮ ಕಡೆ ಮೊದಲನೆಯದಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ ಇಂಥದ್ದೇ ಒಂದು ಬಿದ್ದಿತ್ತು. ತಪಸ್ ಅಂದರೆ ಅಂಗೈಯಲ್ಲಿ ಕೂರುವ ಡ್ರೋನ್ ಅಲ್ಲ, ರೆಕ್ಕೆಯ ಹರವೇ 20 ಮೀಟರ್. ಅಪ್ಪ ಯಾರದ್ದೋ ಬೈಕಿನ ಹಿಂದೆ ಕೂತು ಹೋಗಿ ನೋಡಿ ಬಂದಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಆಮೇಲೆ ಒಂದಷ್ಟು ದಿನ, ಮೇಲೆ ಸದ್ದು ಕೇಳಿದರೆ ಹೊಲದಲ್ಲಿದ್ದ ಹೆಂಗಸರು ಕುಡುಗೋಲು ಬಿಟ್ಟು ಮರದ ಕೆಳಗೆ ಓಡುತ್ತಿದ್ದರು ಅಂತ ಅಮ್ಮ ಹೇಳಿದಳು. ನಾನು ಆಗ ಫೋನಿನಲ್ಲಿ ಕೇಳಿ ನಕ್ಕಿದ್ದೆ. ಬಿದ್ದರೆ ಮರ ತಡೆಯುತ್ತಾ ಅಂತ.

"ನಿಂದೂ ಒಂದು ಇದ್ಯಲ್ಲ, ಬೀರುವಿನಲ್ಲಿ?" ಅಂದಳು ಹೆಂಡತಿ.

ಇತ್ತು. 249 ಗ್ರಾಂ ತೂಕದ್ದು. ಸುಮ್ನೆ ಶೋಕಿಗೆ ಹಾರಿಸುವವರಿಗೆ 250 ಗ್ರಾಂ ಮುಟ್ಟದಿದ್ದರೆ ನೋಂದಣಿ ಬೇಡ, ಅದಕ್ಕೇ ಲೆಕ್ಕ ಹಾಕಿ ಆ ತೂಕಕ್ಕೆ ಮಾಡಿರುತ್ತಾರೆ. ಆಗಸ್ಟ್‌ನಲ್ಲಿ ಒಂದು ಸಂಜೆ ಅದನ್ನು ಹಿತ್ತಲಿನಿಂದ ಹಾರಿಸಿ, ಬೀದಿಯನ್ನೆಲ್ಲ ಮೇಲಿನಿಂದ ವಿಡಿಯೋ ಮಾಡಿದ್ದೆ. ಇಳಿಸಿದ ಐದು ನಿಮಿಷಕ್ಕೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಎಂಬತ್ತರ ಹತ್ತಿರದವರು, ಒಬ್ಬರೇ ಇರುತ್ತಾರೆ. ಬೈಯಲಿಲ್ಲ. "ನಿಮ್ಮದಾ ಅದು? ಸರಿ. ಯಾರದ್ದು ಅಂತ ಗೊತ್ತಾಗಬೇಕಿತ್ತು, ಅಷ್ಟೇ," ಅಂದು ಹೊರಟುಹೋದರು. ಎಂಥ ಕಿರಿಕಿರಿ ಹೆಂಗಸು ಅಂತ ಅವತ್ತು ಹೆಂಡತಿಯ ಮುಂದೆ ಅಂದಿದ್ದೆ. ಅವಳಿಗೆ ಅದು ನೆನಪಿತ್ತು. ಅವಳಿಗೆ ಎಲ್ಲವೂ ನೆನಪಿರುತ್ತದೆ.

ಎರಡು ದಿನ ಬಿಟ್ಟು, 16ರಂದು, ಎಫ್‌ಬಿಐ, ಎಫ್‌ಎಎ, ಒಳಾಡಳಿತ ಭದ್ರತಾ ಇಲಾಖೆ, ಪೆಂಟಗನ್ ಎಲ್ಲ ಸೇರಿ ಹೇಳಿಕೆ ಕೊಟ್ಟವು. 5,000ಕ್ಕೂ ಹೆಚ್ಚು ದೂರು ಬಂದಿವೆ, ತನಿಖೆ ಮಾಡಬೇಕಾದಂಥವು ಸುಮಾರು ನೂರು ಮಾತ್ರ. ಜನ ನೋಡಿದ್ದು ಕಾನೂನುಬದ್ಧ ಡ್ರೋನ್, ಪೊಲೀಸ್ ಡ್ರೋನ್, ವಿಮಾನ, ಹೆಲಿಕಾಪ್ಟರ್, ಮತ್ತೆ ನಕ್ಷತ್ರ. ಗುರುಗ್ರಹದ ಹೆಸರಿರಲಿಲ್ಲ, ಆದರೂ ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಜನ ವಿಮಾನಗಳಿಗೇ ಲೇಸರ್ ಬಿಡೋಕೆ ಶುರು ಮಾಡಿದ್ದರು, ಹಾಗೆ ಮಾಡಬೇಡಿ ಅಂತಲೂ ಎಚ್ಚರಿಕೆ ಕೊಡಬೇಕಾಯಿತು. ಹೇಳಿಕೆಯಲ್ಲಿ ಸುಳ್ಳೇನೂ ಇದ್ದಿರಲಿಕ್ಕಿಲ್ಲ. ಆದರೆ ಒಂದು ತಿಂಗಳು ಜನರನ್ನು ಕತ್ತಲಲ್ಲಿ ನಿಲ್ಲಿಸಿ, ಆಮೇಲೆ ನೀವು ಚುಕ್ಕಿ ನೋಡಿ ಹೆದರಿದ್ರಿ ಅಂದರೆ ಸಿಟ್ಟು ಬರುತ್ತೆ. ನನಗಂತೂ ಬಂತು.

ಜನವರಿ 28ಕ್ಕೆ ಶ್ವೇತಭವನ ಇನ್ನೊಂದು ಮಾತು ಹೇಳಿತು. ತುಂಬಾ ಡ್ರೋನ್‌ಗಳು ಸಂಶೋಧನೆಗೆ, ಇನ್ನಿತರ ಕೆಲಸಕ್ಕೆ ಅಂತ ಎಫ್‌ಎಎ ಒಪ್ಪಿಗೆಯಿಂದಲೇ ಹಾರಿದ್ದವಂತೆ. ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಪಾಪುವಿನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದವರು ತಲೆ ಎತ್ತದೆ, "ಅದನ್ನ ಡಿಸೆಂಬರ್‌ನಲ್ಲಿ ಹೇಳೋಕೆ ಏನು ರೋಗ?" ಅಂದರು.

ಮಾರ್ಚಿಯಲ್ಲಿ ಅವರಿಬ್ಬರೂ ಊರಿಗೆ ಹೋದರು. ಸೀರೆ ಕಿಟಕಿಯಲ್ಲೇ ಉಳಿಯಿತು.

ಏಪ್ರಿಲ್‌ನಲ್ಲಿ ಬೀದಿ ತುಂಬ ಚೆರ್ರಿ ಹೂ ಬಿಟ್ಟಿತು. ಮೇಲಿನಿಂದ ತೆಗೆದು ಅಮ್ಮನಿಗೆ ಕಳಿಸೋಣ ಅನ್ನಿಸಿತು. ಮೊದಲು ಪಕ್ಕದ ಮನೆಗೆ ಹೋಗಿ ಬೆಲ್ ಮಾಡಿದೆ. ಹತ್ತು ನಿಮಿಷ ಡ್ರೋನ್ ಹಾರಿಸ್ತೀನಿ, ನಿಮ್ಮ ಮನೆ ಮೇಲೆ ಬರಲ್ಲ ಅಂದೆ. ಅಜ್ಜಿ ಒಂದು ಕ್ಷಣ ನನ್ನನ್ನೇ ನೋಡಿದರು. ಎಷ್ಟು ಎತ್ತರಕ್ಕೆ ಹೋಗುತ್ತೆ, ಗಾಳಿಗೆ ಬೀಳಲ್ವಾ ಅಂತೆಲ್ಲ ಕೇಳಿದರು. ಆಮೇಲೆ ಒಳಗಿಂದ ಮಡಿಸುವ ಕುರ್ಚಿ ತಂದು ಹುಲ್ಲಿನ ಮೇಲೆ ಹಾಕಿ ಕೂತೇಬಿಟ್ಟರು. ಟೋಪಿ ಬೇರೆ ಹಾಕಿಕೊಂಡಿದ್ದರು.

ನಾನು ಬೀರುವಿನಿಂದ ಡಬ್ಬ ತಂದು ಬಿಚ್ಚಿದರೆ, ಎಂಟು ತಿಂಗಳು ಹಾಗೇ ಬಿದ್ದಿದ್ದ ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಕೂತಿತ್ತು. ಬೇಲಿಯಾಚೆಯಿಂದ ಅಜ್ಜಿ ಕೂಗಿದರು, ಇನ್ನೂ ಎಷ್ಟು ಹೊತ್ತು ಅಂತ.