ಪಡಸಾಲೆಯ ಬಂದೂಕು

ಕಲಘಟಗಿ ತಾಲ್ಲೂಕಿನ ನಮ್ಮ ಊರು ಕಾಡಿನ ಅಂಚಿಗೆ ಇರುವುದರಿಂದ, ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಕಾಡುಹಂದಿಗಳ ಹಾವಳಿ ಹೇಳತೀರದು. ಬೆಳೆ ಕಾಯಲೆಂದು ಕಾಕಾ ಲೈಸೆನ್ಸ್ ಮಾಡಿಸಿ ತಂದ ಬಂದೂಕು ಪಡಸಾಲೆಯ ಗೋಡೆಗೆ ತೂಗುತ್ತಿತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಜಮಾ ಮಾಡಬೇಕಾಗುತ್ತಿತ್ತು. ಅಂಥದೊಂದು ಸಲ, ಬದುವಿನ ತಕರಾರು ತೆಗೆದುಕೊಂಡು ಬಂದ ಪಕ್ಕದ ಹೊಲದವರೊಡನೆ ಕಾಕಾ ಎಂದಿಗಿಂತ ಮೆತ್ತಗೆ ಮಾತನಾಡಿದ್ದನ್ನು ಕಂಡು ಕಾಕು, "ಅದು ಗ್ವಾಡಿ ಮ್ಯಾಲ ಇದ್ದಾಗ ಇವರ ದನೀನ ಬ್ಯಾರೆ ಇರತೈತಿ" ಎಂದಿದ್ದರು.

ಕಾಕುವಿನ ಮಾತಿಗೆ ಬಹಳ ಹತ್ತಿರದ ಪ್ರಶ್ನೆಯನ್ನು ಬರ್ಕೊವಿಟ್ಸ್ ಮತ್ತು ಲೆಪೇಜ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ 100 ಗಂಡು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ, 1967ರಲ್ಲಿ ಪ್ರಕಟಿಸಿದರು. ಜೊತೆಗಾರನಿಂದ ಕೆಲವರಿಗೆ 1, ಕೆಲವರಿಗೆ 7 ಹಗುರವಾದ ಕರೆಂಟ್ ಶಾಕ್ ಕೊಡಿಸಿ, ಬಳಿಕ ಅವರಿಗೂ ಅವನಿಗೆ ಶಾಕ್ ಕೊಡುವ ಸರದಿ ಒದಗಿಸಲಾಯಿತು. 7 ಶಾಕ್ ತಿಂದು ಸಿಟ್ಟಿಗೆದ್ದವರು ಮೇಜಿನ ಮೇಲೆ ಬಂದೂಕು ಮತ್ತು ರಿವಾಲ್ವರ್ ಇದ್ದಾಗ ಸರಾಸರಿ 6ರಷ್ಟು, ಏನೂ ಇಲ್ಲದಾಗ 5ಕ್ಕಿಂತ ಕಡಿಮೆ ಶಾಕ್ ಕೊಟ್ಟರು. ಒಂದೇ ಶಾಕ್ ತಿಂದು ಶಾಂತವಾಗಿದ್ದವರಲ್ಲಿ ಮಾತ್ರ ಬಂದೂಕು ಕಂಡರೂ ಅಂಥ ಹೆಚ್ಚಳ ಕಾಣಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಯೋಗದ ಸಾರ ಇರುವುದು ಇಲ್ಲಿಯೇ: ಮೊದಲೇ ಹೊತ್ತಿಕೊಂಡಿದ್ದ ಸಿಟ್ಟಿಗೆ ಬಂದೂಕು ಗಾಳಿ ಹಾಕಿತು.

ಮುಂದೆ ಇದೇ ಪ್ರಯೋಗವನ್ನು ಮಾಡಿದ ಕೆಲವರಿಗೆ ಇದೇ ಫಲಿತಾಂಶ ಸಿಗಲಿಲ್ಲ ಎಂಬುದನ್ನೂ ಹೇಳಲೇಬೇಕು. 78 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿಯೂ, ಆಯುಧ ಕಂಡಾಗ ಆಕ್ರಮಣದ ಯೋಚನೆ ಹೆಚ್ಚುವುದಕ್ಕೆ ಸಿಕ್ಕಷ್ಟು ಗಟ್ಟಿ ಆಧಾರ ನಡವಳಿಕೆ ಬದಲಾಗುವುದಕ್ಕೆ ಸಿಗಲಿಲ್ಲ. ಬೇಟೆಗಾರರಿಗೆ ಬೇಟೆಯ ಬಂದೂಕು ಬೇರೆಯವರಲ್ಲಿ ಹುಟ್ಟಿಸುವಂಥ ಯೋಚನೆಗಳನ್ನು ಹುಟ್ಟಿಸುವುದಿಲ್ಲ ಎಂದು 2005ರ ಅಧ್ಯಯನವೊಂದು ತೋರಿಸಿತು. ಹಾಗಿದ್ದರೆ ಹಂದಿ ಓಡಿಸುವುದಕ್ಕಷ್ಟೇ ಬಂದೂಕು ಹಿಡಿದ ಕಾಕಾನ ದನಿ ಏಕೆ ಬದಲಾಗಬೇಕಿತ್ತು? ರಾತ್ರಿ ಹೊಲದಲ್ಲಿ ಸಲಕರಣೆಯಾಗಿದ್ದ ಅದು, ಪಡಸಾಲೆಯಲ್ಲಿ ನಾಲ್ಕು ಮಂದಿಯೆದುರು ಮನೆಯ ದರ್ಪವಾಗುತ್ತಿತ್ತು ಎಂದೇ ನನಗನ್ನಿಸುತ್ತದೆ. ಬಂದವರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತಿತ್ತು, ಅವರ ಮಾತೂ ಬಿಗಿಯಾಗುತ್ತಿತ್ತು.

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದದ್ದನ್ನು ಈ ಚರ್ಚೆಗೆ ಎಳೆಯುವವರಿದ್ದಾರೆ. ಹೊಂಚು ಹಾಕಿ ಮಾಡಿದ ಕೊಲೆಯನ್ನು ಕ್ಷಣದ ಸಿಟ್ಟಿನೊಡನೆ ಬೆರೆಸಲು ನಾನು ಒಪ್ಪುವುದಿಲ್ಲ. ನನ್ನ ಆತಂಕ ಬದುವಿನ ಜಗಳದ್ದು, ಅಣ್ಣತಮ್ಮಂದಿರ ಪಾಲಿನ ಜಗಳದ್ದು.

ಆ ಚುನಾವಣೆ ಮುಗಿದು ಬಂದೂಕು ಮನೆಗೆ ಮರಳಿದಾಗ, ಕಾಕು ಹಟ ಹಿಡಿದು ಅದನ್ನು ಒಳಕೋಣೆಯ ಟ್ರಂಕಿಗೆ ಹಾಕಿಸಿ ಕೀಲಿ ಜಡಿಸಿದರು. ಪಡಸಾಲೆಯ ಆ ಮೊಳೆಗೆ ಈಗ ಕ್ಯಾಲೆಂಡರ್ ತೂಗುತ್ತಿದೆ.