ಏಬಲ್: ಮೊದಲು ಕೈಗೊಗ್ಗಿದ್ದು, ಆಮೇಲೆ ಕೈಯಲ್ಲಾಗುವುದು

ಮೂಡಿಗೆರೆ ಕಡೆ ಮರಗಸಿಗೆ, ಅಂದರೆ ತೋಟದ ಮರಗಳ ಕೊಂಬೆ ಸವರಲು, ಹೊರಟವರು ಕತ್ತಿಯ ಅಲಗಿಗಿಂತ ಮೊದಲು ಹಿಡಿ ನೋಡುತ್ತಾರೆ. ದಪ್ಪವಾದರೆ ಬೆರಳು ಸುತ್ತುವುದಿಲ್ಲ, ತೆಳುವಾದರೆ ಏಟಿಗೆ ತಿರುಚುತ್ತದೆ. ಸರಿಯಿದ್ದರೆ 'ಕೈಗೆ ಒಗ್ಗುತ್ತೆ' ಅನ್ನುತ್ತಾರೆ. ಇಂಗ್ಲಿಷಿನ 'ಏಬಲ್' ಹುಟ್ಟಿದ್ದೂ ಇದೇ ಅರ್ಥದಲ್ಲಿ.

ಲ್ಯಾಟಿನ್ನಿನ 'ಹಾಬೆರೆ' ಎಂದರೆ ಹಿಡಿ, ಹೊಂದು. ಅದರಿಂದ 'ಹಾಬಿಲಿಸ್': ಸುಲಭವಾಗಿ ಹಿಡಿಯಬಹುದಾದದ್ದು. ಮೊದಲು ವಸ್ತುವಿಗೆ, ಆಮೇಲೆ ಕೆಲಸ ಬಲ್ಲ ಮನುಷ್ಯನಿಗೆ. ಫ್ರೆಂಚರ ಬಾಯಲ್ಲಿ ಹಕಾರ ಉದುರಿ, 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಉದುರಿದ ಹಕಾರ 1964ರಲ್ಲಿ ಹೆಸರಿಟ್ಟ ಆದಿಮಾನವ 'ಹೋಮೋ ಹ್ಯಾಬಿಲಿಸ್'ನಲ್ಲಿ ಈಗಲೂ ಇದೆ.

'ರೀಡಬಲ್', 'ವಾಷಬಲ್' ಬಾಲದ 'ಅಬಲ್' ಮಾತ್ರ ಬೇರೆ, ಅದು ಲ್ಯಾಟಿನ್ ಪ್ರತ್ಯಯ. ಬರೆಯುವ ಅಕ್ಷರಗಳು ಒಂದೇ ಆದ್ದರಿಂದ ನಂಟು ಕಲ್ಪಿಸಿಕೊಂಡಿದ್ದೇವೆ, ಅಷ್ಟೆ.

ಎಡವುವುದು ಎರಡು ಕಡೆ. 'ಏಬಲ್' ಮುಂದೆ 'ಟು ಡೂ', ಆದರೆ 'ಕೇಪಬಲ್' ಮುಂದೆ 'ಆಫ್ ಡೂಯಿಂಗ್'. 'ಕೇಪಬಲ್ ಟು ಡೂ' ತಪ್ಪು. ಇನ್ನೊಂದು, ನಿನ್ನೆ ಮಳೆಯಲ್ಲೂ ಹಾಸನದ ಬಸ್ ಹಿಡಿಯಲಾಯಿತು ಎನ್ನಲು 'ಕುಡ್ ಕ್ಯಾಚ್' ಸಾಲದು. ಒಂದು ಸಲ ನಿಜಕ್ಕೂ ಸಾಧಿಸಿದ್ದಕ್ಕೆ 'ವಾಸ್ ಏಬಲ್ ಟು ಕ್ಯಾಚ್' ಬೇಕು. ಸಿಗದೇ ಹೋಗಿದ್ದರೆ 'ಕುಡಂಟ್' ಧಾರಾಳವಾಗಿ ನಡೆಯುತ್ತದೆ.